ಹಂಡೆಯ ನೀರು ಎಲ್ಲಿಂದ ಬಂತು?

ಕಾಸರಗೋಡಿನಲ್ಲಿ ಕನ್ನಡ ಬರೆಯುವವರ ಮನೆಯಲ್ಲಿ ಮುಗಿಯದ ಕಾದಂಬರಿ ಒಂದಾದರೂ ಇರುತ್ತದೆ, ಅದು ಕಾಸರಗೋಡು ಕೇರಳಕ್ಕೆ ಸೇರಿದ 1956ರ ಬಗ್ಗೆಯೇ ಇರುತ್ತದೆ. ನಂಬಿಕೆ ಬಾರದಿದ್ದರೆ ಯಾವುದಾದರೂ ಸಾಹಿತ್ಯ ಸಮ್ಮೇಳನದ ಊಟದ ಪಂಕ್ತಿಯಲ್ಲಿ ಕುಳಿತು ಕೇಳಿ ನೋಡಿ. ಎಲೆಯ ತುದಿಗೆ ಉಪ್ಪಿನಕಾಯಿ ಬೀಳುವುದರೊಳಗೆ ಪಕ್ಕದವರು "ಒಂದು ಕಾದಂಬರಿ ಅರ್ಧ ಆಗಿ ಉಂಟು, ನಮ್ಮ ಗಡಿನಾಡಿನದ್ದೇ ವಿಷಯ" ಎನ್ನುತ್ತಾರೆ. ಪಾಯಸ ಬರುವ ಹೊತ್ತಿಗೆ ಅದು ಅರ್ಧ ಆಗಿ ಎಷ್ಟು ಕಾಲವಾಯಿತು ಎಂಬುದೂ ತಿಳಿಯುತ್ತದೆ.

ನನ್ನದೂ ಒಂದು ಇತ್ತು. ಇತ್ತು ಎಂದರೆ ಈಗಲೂ ಉಂಟು, ಆದರೆ ಕಳೆದ ಮಳೆಗಾಲದಲ್ಲಿ ಅದನ್ನು ಬದಿಗಿಟ್ಟೆ. ಜೊತೆಗೆ ಬೇರೆ ಎರಡು ಬರಹಗಳನ್ನೂ ಇಟ್ಟೆ. ಈಗ ಬರೆಯುತ್ತಿರುವುದು ಹೊಸ ಕತೆ. ನೀಳ್ಗತೆಯಾದೀತು, ಕಾದಂಬರಿಯ ಉದ್ದಕ್ಕೆ ಹೋಗಲಾರದು. "ಇದ್ದದ್ದನ್ನು ಮುಗಿಸದೆ ಹೊಸತಕ್ಕೆ ಕೈ ಹಾಕಿದ್ದು ಎಂತಕ್ಕೆ?" ಎಂದು ಕೇಳುವವರು ಶಾಲೆಯ ಸ್ಟಾಫ್‌ರೂಮಿನಲ್ಲೂ ಇದ್ದಾರೆ, ಮನೆಯಲ್ಲೂ ಇದ್ದಾರೆ. ಅವರಿಗೆಲ್ಲ ತುಂಡು ತುಂಡಾಗಿ ಹೇಳಿ ಸಾಕಾಯಿತು. ಇಲ್ಲಿ ಒಮ್ಮೆ ಉದ್ದಕ್ಕೆ ಬರೆಯುತ್ತೇನೆ.

ಕಾದಂಬರಿಯ ನಾಯಕ ಒಬ್ಬ ಶ್ಯಾನುಭೋಗ. ಕಾಸರಗೋಡು ಆಗ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕು. ಊರಿನ ವರ್ಗ, ಅಂದರೆ ಪಟ್ಟಾ ಜಮೀನು, ಯಾರದ್ದು, ಅದಕ್ಕೆ ತಾಗಿದ ಸರಕಾರಿ ಕುಮ್ಕಿ ಜಾಗ ಎಷ್ಟು, ಗೇಣಿ ಯಾರು ಕೊಡಬೇಕು ಎಂಬುದನ್ನೆಲ್ಲ ಅವನು ಅಡಂಗಲ್ ಎಂಬ ಜಮೀನು ಲೆಕ್ಕದ ಪುಸ್ತಕದಲ್ಲಿ ದುಂಡು ಅಕ್ಷರದ ಕನ್ನಡದಲ್ಲಿ ಬರೆದಿಡುತ್ತಾನೆ. ಅವನು ಕುಳಿತಲ್ಲೇ ಕುಳಿತಿರುತ್ತಾನೆ, ರಾಜ್ಯ ಬದಲಾಗುತ್ತದೆ. ಹೇಳುವುದಾದರೆ ಇಷ್ಟೇ ಕತೆ. ಬರೆಯಲು ಕುಳಿತಾಗ ಮಾತ್ರ ಕಾಗದಗಳು ಬಂದು ಮೇಲೆ ಬಿದ್ದವು. ರಾಜ್ಯಗಳ ಪುನರ್ವಿಂಗಡಣೆಗೆಂದು 1953ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗ, 1955ರಲ್ಲಿ ಬಂದ ಅದರ ವರದಿ, ಮೂವರ ಆ ಆಯೋಗದಲ್ಲಿ ಒಬ್ಬರಾಗಿದ್ದ ಮಲಯಾಳಿ ಕೆ.ಎಂ. ಪಣಿಕ್ಕರ್ ಬಗ್ಗೆ ನಮ್ಮ ಹಿರಿಯರು ಜಗಲಿಯಲ್ಲಿ ಕುಳಿತು ಸಾಯುವವರೆಗೆ ಆಡಿದ ಮಾತು, 1956ರ ನವೆಂಬರ್ 1, ಆಮೇಲೆ ಗಡಿ ತಕರಾರು ನೋಡಲು ಬಂದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದ ಅದರ 1967ರ ವರದಿ, ಆ ವರದಿ ವರದಿಯಾಗಿಯೇ ಉಳಿದದ್ದು, ಕೊನೆಗೆ 1984ರ ಮೇ 24ಕ್ಕೆ ಕಾಸರಗೋಡು ಕೇರಳದ ಒಂದು ಜಿಲ್ಲೆಯೇ ಆದದ್ದು. ಜೆರಾಕ್ಸ್ ಪ್ರತಿಗಳ ಕಟ್ಟು ದೊಡ್ಡದಾದಷ್ಟೂ ನನ್ನ ಪಾತ್ರಗಳ ಸ್ವರ ಸಣ್ಣದಾಯಿತು. ಶ್ಯಾನುಭೋಗನ ಹೆಂಡತಿ ಮಜ್ಜಿಗೆ ಕಡೆಯುತ್ತಾ ಆಯೋಗದ ಮುಂದೆ ಕೊಟ್ಟ ಮನವಿಯ ಭಾಷೆಯಲ್ಲಿ ಮಾತಾಡತೊಡಗಿದಳು. ಉಗ್ರಾಣಿ ಬಂದು "ಕಚೇರಿಯಲ್ಲಿ ಕರೀತಾರೆ" ಎಂದರೆ ಸಾಕಿತ್ತು, ಅವನ ಬಾಯಿಗೂ ಒಂದು ಪ್ಯಾರಾ ಇತಿಹಾಸ ಬಂದು ಕುಳಿತುಕೊಂಡಿತು.

ಆ ಕಾದಂಬರಿಯನ್ನು ನಾನು ಸ್ವಂತ ಇಷ್ಟದಿಂದಲೇ ಶುರುಮಾಡಿದ್ದು ಎಂದು ಬಹುಕಾಲ ಅಂದುಕೊಂಡಿದ್ದೆ. ಈಗ ನೋಡಿದರೆ ಅರ್ಧ ಇಷ್ಟ, ಅರ್ಧ ಕಟ್ಟಳೆ. ಕಾಸರಗೋಡಿನ ಲೇಖಕಿ ಎಂದಮೇಲೆ ಕಾಸರಗೋಡನ್ನೇ ಬರೆಯಬೇಕು, ಅದರಲ್ಲೂ ನೋವನ್ನೇ ಬರೆಯಬೇಕು ಎಂಬ ಕಟ್ಟಳೆ. ಬೆಂಗಳೂರಿನಿಂದ ಕತೆ ಕೇಳುವ ಪತ್ರಿಕೆಯವರಿಗೆ ನಮ್ಮ ನೆನಪಾಗುವುದು ನವೆಂಬರ್ ತಿಂಗಳಲ್ಲಿ. "ಗಡಿನಾಡಿನ ಸಂಕಟದ ಬಗ್ಗೆ ಏನಾದರೂ ಕೊಡಿ ಮೇಡಂ" ಎನ್ನುತ್ತಾರೆ. ಮಾರ್ಚ್ ತಿಂಗಳಲ್ಲಿ ಯಾರೂ ಕೇಳಿದ್ದಿಲ್ಲ. ಮಾರ್ಚಿನಲ್ಲಿ ನಮಗೆ ಬೇರೆ ಸಂಕಟಗಳಿರುತ್ತವೆ: ಕೆರೆ ಬತ್ತಲು ಶುರುವಾಗಿರುತ್ತದೆ, ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ಇರುತ್ತದೆ, ಬಿಸಿಲಿಗೆ ಅಂಗಳದ ಸೆಗಣಿ ಎದ್ದು ಬಂದಿರುತ್ತದೆ.

ಎರಡನೆಯದು ಎಣ್ಮಕಜೆ ಕಡೆಯ ಒಬ್ಬ ತಾಯಿಯ ಕತೆ. ಹೆಚ್ಚು ವಿವರಿಸಬೇಕಾಗಿಲ್ಲ. ಗುಡ್ಡದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು, ಆ ಗುಡ್ಡಗಳ ಬುಡದ ಮನೆಗಳಲ್ಲಿ ಹುಟ್ಟಿದ ಮಕ್ಕಳ ಪಾಡು ಲೋಕಕ್ಕೇ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದರ ಬಳಕೆ ನಿಲ್ಲಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆದೇಶಿಸಿತು. ನಾನು ಬರೆಯುತ್ತಿದ್ದುದು ಇದನ್ನಲ್ಲ. ಒಂದು ದಿನದಲ್ಲಿ ಆ ತಾಯಿಯ ಕೈ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಬೆಳಗ್ಗಿನಿಂದ ರಾತ್ರಿಯವರೆಗೆ, ಅಷ್ಟನ್ನೇ ಬರೆಯಬೇಕೆಂದಿದ್ದೆ. ಮಧ್ಯಾಹ್ನದವರೆಗೆ ಬಂದಿದ್ದೆ. ಮಗನಿಗೆ ಗಂಜಿ ಉಣಿಸುವಲ್ಲಿ ನಿಂತಿತು. ಅಲ್ಲಿಂದ ಮುಂದೆ ನಾನು ಬರೆದ ಪ್ರತಿಯೊಂದು ವಾಕ್ಯವೂ ಚೆಂದವಾಗುತ್ತಿತ್ತು. ಚೆಂದವಾಗುತ್ತಿದ್ದುದೇ ತೊಂದರೆ. ಆ ಕತೆ ಬೇಕಾದರೆ ಹತ್ತು ವರ್ಷ ಕಾಯಲಿ, ನನ್ನ ಕೈ ಸ್ವಲ್ಪ ಒರಟಾದ ಮೇಲೆ ನೋಡೋಣ.

ಮೂರನೆಯದಕ್ಕೆ ಇಷ್ಟು ಮರ್ಯಾದೆ ಬೇಡ. ವೇಷ, ಕುಣಿತವಿಲ್ಲದೆ ಕುಳಿತಲ್ಲೇ ಪದ್ಯಕ್ಕೆ ಅರ್ಥ ಹೇಳುವ ಯಕ್ಷಗಾನ, ಅಂದರೆ ತಾಳಮದ್ದಳೆಯ ಬಗ್ಗೆ ಒಂದು ಲೇಖನಮಾಲೆ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯವಳಾಗಿ ಅದನ್ನಾದರೂ ಬರೆಯದಿದ್ದರೆ ಹೇಗೆ ಎಂದು ಹೊರಟದ್ದು. ಪತ್ರಿಕೆ ನಿಂತುಹೋಯಿತು, ಮಾಲೆಯೂ ನಿಂತಿತು. ದುಃಖವೇನೂ ಆಗಲಿಲ್ಲ.

ಈಗ ಹೊಸ ಕತೆ ಎಲ್ಲಿಂದ ಬಂತು ಎಂಬುದಕ್ಕೆ ಬರುತ್ತೇನೆ. ವಿಚಿತ್ರವೆಂದರೆ ಅದು ಬಂದದ್ದು ಆ ಕಾದಂಬರಿಯ ಒಳಗಿನಿಂದಲೇ. ಆ ನವೆಂಬರ್ 1ರ ಅಧ್ಯಾಯವನ್ನು ಎಷ್ಟು ಸಲ ಬರೆದರೂ ಅದು ಭಾಷಣವಾಗುತ್ತಿತ್ತು. ಆ ದಿನ ಬೆಳಗಾತ ನಮ್ಮ ಕಡೆಯ ಒಂದು ಮನೆಯಲ್ಲಿ ನಿಜವಾಗಿ ಏನು ನಡೆದಿರಬಹುದು ಎಂದು ಯೋಚಿಸುತ್ತಾ ಹಳೆಯ ಪಂಚಾಂಗದ ಲೆಕ್ಕ ತೆಗೆದೆ. ಗುರುವಾರ. ಮರುದಿನ ಶುಕ್ರವಾರ ಅಮಾವಾಸ್ಯೆ. ಯಾವ ಅಮಾವಾಸ್ಯೆ? ದೀಪಾವಳಿ ಅಮಾವಾಸ್ಯೆ! ಅಂದರೆ ರಾಜ್ಯ ಬದಲಾದ ಆ ಬೆಳಗಾತ ನರಕ ಚತುರ್ದಶಿ. ಶ್ಯಾನುಭೋಗ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಿನ ಮುಂದೆ ಮಣೆಯ ಮೇಲೆ ಕುಳಿತಿದ್ದಾನೆ. ಹಿಂದಿನ ಸಂಜೆ ಹಂಡೆ ತೊಳೆದು, ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತಿ, ನೀರು ತುಂಬಿಸಿದ್ದಾರೆ. ಅಡಿಕೆ ಸೋಗೆಯ ಬೆಂಕಿ ಉರಿಯುತ್ತಿದೆ. ಅವನು ಮದರಾಸು ರಾಜ್ಯದಲ್ಲಿ ಎಣ್ಣೆ ಹಚ್ಚಿಕೊಂಡು ಕೇರಳದಲ್ಲಿ ಮೀಯುತ್ತಿದ್ದಾನೆ.

ಇದು ಸಿಕ್ಕಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾದಂಬರಿ ಎದ್ದು ಕುಳಿತಿತು ಎಂದುಕೊಂಡೆ. ಬೆಳಿಗ್ಗೆ ಬರೆಯಲು ಕುಳಿತರೆ ಹಂಡೆಯಿಂದ ಮುಂದೆ ಹೋಗಲಿಲ್ಲ. ಹಂಡೆಗೆ ನೀರು ಎಲ್ಲಿಂದ ತಂದರು? ನನ್ನ ಶ್ಯಾನುಭೋಗನ ಮನೆ ಇರುವುದು ಪೆರ್ಲದ ಹತ್ತಿರದ ಒಂದು ಇಳಿಜಾರಿನಲ್ಲಿ. ಅಂಥಲ್ಲಿ ಬಾವಿ ತೋಡಿದರೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಮುಗಿಯುವುದೇ ಇಲ್ಲ. ಆಗ ಕೊಳವೆಬಾವಿ ಇಲ್ಲ, ಪಂಪು ಇಲ್ಲ. ಸುರಂಗದ ನೀರೇ ಇರಬೇಕು.

ನಮ್ಮ ಕಡೆಯವರಿಗೆ ಸುರಂಗ ಎಂದರೆ ಹೇಳಬೇಕಾಗಿಲ್ಲ, ದೂರದವರಿಗೆ ಹೇಳಬೇಕು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿದರೂ ಬೇಸಗೆಗೆ ನೀರಿಲ್ಲ. ಬಿದ್ದದ್ದೆಲ್ಲ ಇಳಿಜಾರಿನಲ್ಲಿ ಓಡಿ ಸಮುದ್ರಕ್ಕೆ ಹೋಗುತ್ತದೆ, ಉಳಿದದ್ದು ಮುರಕಲ್ಲಿನೊಳಗೆ ಇಂಗಿ ಕುಳಿತಿರುತ್ತದೆ. ಆ ಕುಳಿತ ನೀರನ್ನು ಹುಡುಕಿಕೊಂಡು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುವುದೇ ಸುರಂಗ. ಒಬ್ಬ ಮನುಷ್ಯ ನುಸುಳುವಷ್ಟು ಅಗಲ, ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಉದ್ದ ಮಾತ್ರ ನೀರು ಸಿಕ್ಕುವವರೆಗೆ. ನೂರಾರು ಅಡಿ ಹೋದವೂ ಉಂಟು. ನೆಲವನ್ನು ಬಾಯಿಯ ಕಡೆಗೆ ಚೂರೇ ಚೂರು ಇಳಿಜಾರು ಮಾಡಿರುತ್ತಾರೆ, ನೀರು ತಾನಾಗಿ ಹರಿದು ಬರುತ್ತದೆ. ಬಾಯಿಯಿಂದ ಅಂಗಳದವರೆಗೆ ಅಡಿಕೆ ಮರ ಸೀಳಿ ಮಾಡಿದ ದಂಬೆ. ಎತ್ತುವ ಕೆಲಸ ಇಲ್ಲ, ಕರೆಂಟಿನ ಹಂಗಿಲ್ಲ. ಗಡಿ ದಾಟಿದರೆ ಸಿಗುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಒಂದರ ಹಿಂದೆ ಒಂದು ಸುರಂಗ ಕೊರೆದು, ಹಲವು ಬರಿದಾದ ಮೇಲೂ ಬಿಡದೆ, ನೀರು ತಂದು ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಸ್ಟಾಫ್‌ರೂಮಿನಲ್ಲಿ ಸುರಂಗದ ಮಾತೋ ಮಾತು. ಅರ್ಧ ಜನರ ಮನೆಯ ಹಿಂದೆ ಒಂದೊಂದು ಸುರಂಗ ಇತ್ತು. ಬೋರು ಹಾಕಿಸಿದ ಮೇಲೆ ಅದರೊಳಗೆ ಬಾವಲಿ ಸೇರಿತ್ತು.

ಹಂಡೆಯ ನೀರಿನ ಎರಡು ಸಾಲು ಸರಿಯಾಗಲಿ ಎಂದು ಹಳೆಯ ಸುರಂಗ ಕೆಲಸದವರೊಬ್ಬರನ್ನು ಹುಡುಕಿಕೊಂಡು ಹೋದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಜ್ಜ. ಹೆಸರು ಬೇಡ. ತುಳುವಿನಲ್ಲಿ ಮಾತು. ನನ್ನನ್ನು "ಟೀಚರ್" ಎನ್ನುತ್ತಾರೆ, ಮೊಮ್ಮಗ ಶಾಲೆ ಬಿಟ್ಟು ಎಷ್ಟು ಕಾಲವಾದರೂ ನಾನು ಟೀಚರೇ. ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಾ ಮಾತಾಡಿದರು. ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಬಿರಡೆಯ ಹಾಗೆ ಗಟ್ಟಿ. ಗಿಡ್ಡ ಹಿಡಿಯ ಪಿಕ್ಕಾಸು ಹಿಡಿದ ಜಾಗ ಅದು. ಒಳಗೆ ಉದ್ದ ಹಿಡಿ ನಡೆಯುವುದಿಲ್ಲ, ಬೀಸಲು ಜಾಗವಿಲ್ಲ. ಎಲ್ಲಿ ಹುತ್ತ ಉಂಟು, ಎಲ್ಲಿ ಬಸರಿ ಮರ ಉಂಟು ನೋಡಿ ಬಾಯಿ ಗುರುತಿಸುತ್ತಿದ್ದರಂತೆ. ಮುರಕಲ್ಲು ಕಳೆದು ಸೇಡಿಮಣ್ಣು ಸಿಕ್ಕಿದರೆ ಹೆದರಿಕೆ, ಕುಸಿಯುತ್ತದೆ. ಕರಿಕಲ್ಲು ಸಿಕ್ಕಿದರೆ ಬೇಸರ, ಪಿಕ್ಕಾಸಿಗೆ ಬಗ್ಗುವುದಿಲ್ಲ. ಮೇಣದ ಬತ್ತಿ ಒಯ್ಯುವುದು ಬೆಳಕಿಗೆ ಮಾತ್ರ ಅಲ್ಲ. ಅದರ ಜ್ವಾಲೆ ಕುಗ್ಗಿದರೆ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು.

"ಬತ್ತಿ ನೋಡಿಕೊಳ್ಳುವುದು ನೆನಪಾಗದಿದ್ದರೆ?" ಎಂದೆ.

ಅಜ್ಜ ಒಳಗಿನ ಬಾಗಿಲಿನ ಕಡೆಗೆ ಗಲ್ಲ ತಿರುಗಿಸಿ, "ಅದಕ್ಕೇ ಇವಳು" ಎಂದರು.

ಅಜ್ಜಿ ಸುರಂಗದ ಬಾಯಿಯಲ್ಲಿ ಇರುತ್ತಿದ್ದರು. ಅಗೆದ ಮಣ್ಣನ್ನು ಹೆಡಿಗೆಯಲ್ಲಿ ಹೊರಗೆ ತಂದು ಹಾಕುವುದು ಅವರ ಕೆಲಸ. ಕೊರೆದವರ ಹೆಸರು ಊರಿಗೆ ಗೊತ್ತು, ಮಣ್ಣು ಹೊತ್ತವರನ್ನು ಕೇಳಿದವರಿಲ್ಲ. ಅದರ ಜೊತೆಗೆ ಇನ್ನೊಂದು ಕೆಲಸ. ಮಧ್ಯೆ ಮಧ್ಯೆ ಒಳಕ್ಕೆ ಬಗ್ಗಿ ಕೂ ಹಾಕಬೇಕು. ಒಳಗಿನಿಂದ ಕೂ ಬರಬೇಕು. ಬಾರದಿದ್ದರೆ ಇನ್ನೊಮ್ಮೆ. ಆಗಲೂ ಬಾರದಿದ್ದರೆ ಒಳಗೆ ಹೋಗಿ ಕಾಲು ಹಿಡಿದು ಎಳೆಯಬೇಕು.

"ಒಮ್ಮೆ ನಾವು ಮಾತು ಬಿಟ್ಟಿದ್ದೆವು" ಎಂದರು ಅಜ್ಜ. ಎಂತಕ್ಕೋ ಜಗಳವಾಗಿ ಗಂಡ ಹೆಂಡತಿ ಮನೆಯಲ್ಲಿ ಒಂದಕ್ಷರ ಆಡುತ್ತಿರಲಿಲ್ಲ. ಗಂಜಿ ಬಡಿಸಿ ಬಟ್ಟಲು ಸರಿಸುವುದು, ಉಂಡು ಬಟ್ಟಲು ಸರಿಸುವುದು. ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಗುಡ್ಡ ಹತ್ತುವುದು. ಆದರೆ ಸುರಂಗದ ಕೆಲಸ ನಿಲ್ಲಿಸುವ ಹಾಗಿಲ್ಲ, ಮಳೆ ಬರುವುದರೊಳಗೆ ಆಗಬೇಕು. "ಮಾತು ಬಿಡಬಹುದು ಟೀಚರ್. ಕೂ ಬಿಡ್ಲಿಕ್ಕೆ ಆಗ್ತದಾ?"

ನಾನು ಕೇಳಲು ಹೋದದ್ದು 1956ರ ನೀರು. ಮನೆಗೆ ಬರುವಾಗ ಬಸ್ಸಿನಲ್ಲಿ ತಲೆಯ ತುಂಬ ಈ ಇಬ್ಬರೇ. ಒಳಗೆ ಕತ್ತಲಲ್ಲಿ ಒಬ್ಬ ಸಿಟ್ಟು ಮಾಡಿಕೊಂಡು ಅಗೆಯುತ್ತಿದ್ದಾನೆ. ಹೊರಗೆ ಬಿಸಿಲಲ್ಲಿ ಒಬ್ಬಳು ಸಿಟ್ಟು ಮಾಡಿಕೊಂಡು ಕೂ ಹಾಕುತ್ತಿದ್ದಾಳೆ. ಆ ಕೂವಿನಲ್ಲಿ ಸಿಟ್ಟು ಕೇಳಿಸಬಾರದು, ಕೇಳಿಸಿದರೆ ಸೋತ ಹಾಗೆ. ಪ್ರೀತಿ ಕೇಳಿಸಿದರೆ ಇನ್ನೂ ಸೋತ ಹಾಗೆ. ಅವನು ಬೇಕೆಂದೇ ಒಂದು ಕೂವಿಗೆ ಉತ್ತರ ಕೊಡದೆ ಸುಮ್ಮನಿದ್ದರೆ? ಅವಳು ಬೇಕೆಂದೇ ಒಂದು ಕೂ ತಡಮಾಡಿದರೆ? ಬಸ್ಸು ನನ್ನ ಸ್ಟಾಪು ದಾಟಿ ಹೋಯಿತು.

ಹೊಸ ಯೋಚನೆ ಬಂದಾಗಲೆಲ್ಲ ಹಳೆಯದನ್ನು ಬಿಡಬೇಕು ಎಂದು ನಾನು ಹೇಳುವವಳಲ್ಲ. ಹಾಗೆ ಬಿಡುತ್ತಾ ಹೋದರೆ ಬರೀ ಮೊದಲ ಅಧ್ಯಾಯಗಳ ಸಂಕಲನ ತರಬೇಕಾಗುತ್ತದೆ. ಓಡಿಹೋಗಲು ನೆಪವಾಗಿ ಬರುವ ಯೋಚನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವು ಬರುವ ಹೊತ್ತೇ ಬೇರೆ. ಬರೆಯುವುದು ಬಿಗಿಹಿಡಿದ ದಿನ, ಮಧ್ಯಾಹ್ನದ ಮೇಲೆ, ಚಹಾ ಕುಡಿಯುವಾಗ ಬರುತ್ತವೆ. ಬರುವಾಗಲೇ ಶೀರ್ಷಿಕೆ ಹೊತ್ತುಕೊಂಡು ಬರುತ್ತವೆ. ಮುಖಪುಟಕ್ಕೆ ಯಾವ ಬಣ್ಣ, ಅರ್ಪಣೆ ಯಾರಿಗೆ, ಬಿಡುಗಡೆಗೆ ಯಾರನ್ನು ಕರೆಯುವುದು ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಒಳಗಿನ ಮನುಷ್ಯರು ಮಾತ್ರ ಗೊತ್ತಿರುವುದಿಲ್ಲ. ಅಂಥದ್ದು ಬಂದಾಗ ನಾನು ಅದನ್ನು ಡೈರಿಯ ಹಿಂಬದಿಯಲ್ಲಿ ಒಂದು ಸಾಲು ಬರೆದು ಮಲಗುತ್ತೇನೆ. ಬೆಳಿಗ್ಗೆ ಎದ್ದು ನೋಡಿದರೆ ಹೆಚ್ಚಿನವು ಆ ಒಂದು ಸಾಲಿನಷ್ಟೇ ಇರುತ್ತವೆ.

ಈ ಗಂಡ ಹೆಂಡತಿಗೆ ಶೀರ್ಷಿಕೆ ಇರಲಿಲ್ಲ, ಈಗಲೂ ಇಲ್ಲ. ಅವರು ಬಂದದ್ದು ಬರವಣಿಗೆ ಬಿಗಿಹಿಡಿದ ದಿನವೂ ಅಲ್ಲ. ಹಂಡೆ ಸಿಕ್ಕಿ ಕಾದಂಬರಿ ಚೆನ್ನಾಗಿ ಓಡಲು ಶುರುವಾಗಿದ್ದ ವಾರ. ಓಡುತ್ತಿದ್ದುದನ್ನು ನಿಲ್ಲಿಸಿ ಬಂದದ್ದು ಎಂಬ ಕಾರಣಕ್ಕೇ ನನಗೆ ನಂಬಿಕೆ ಹುಟ್ಟಿತು. ಮೇಲಾಗಿ ಶ್ಯಾನುಭೋಗನ ಬಗ್ಗೆ ನನಗೆ ಗೊತ್ತಿರುವುದೇ ಹೆಚ್ಚು, ಕೇಳಲು ಏನೂ ಉಳಿದಿರಲಿಲ್ಲ. ಈ ಇಬ್ಬರ ಬಗ್ಗೆ ಗೊತ್ತಿಲ್ಲದ್ದೇ ಹೆಚ್ಚು. ಜಗಳ ಎಂತಕ್ಕೆ? ನೀರು ಸಿಕ್ಕಿತಾ? ನೀರು ಕಂಡಾಗ ಮೊದಲು ಮಾತಾಡಿದ್ದು ಯಾರು?

ನಮ್ಮ ಹಿರಿಯ ಮೇಷ್ಟ್ರೊಬ್ಬರಿದ್ದಾರೆ, ನಿವೃತ್ತರು. ನಾನು ಬರೆದದ್ದನ್ನೆಲ್ಲ ಮೊದಲು ಓದುವುದು ಅವರು. ಕೆಂಪು ಪೆನ್ನು ಇನ್ನೂ ಕೆಳಗಿಟ್ಟಿಲ್ಲ. ಸುದ್ದಿ ಕೇಳಿ ಅವರಿಗೆ ಖುಷಿಯಾಗಲಿಲ್ಲ. "ನೋಡಿ, ಕಾದಂಬರಿ ಬಿಟ್ಟವರೆಲ್ಲ ಕುಮಾರವ್ಯಾಸನ ಹೆಸರು ಹೇಳ್ತಾರೆ. ಅವನೂ ಹತ್ತೇ ಪರ್ವ ಬರೆದದ್ದು, ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ ಅಂತ. ನೀವು ಹಾಗೆ ಹೇಳ್ಬೇಡಿ ಆಯ್ತಾ" ಎಂದರು. ನಾನು ಹೇಳುವವಳಿದ್ದೆ, ಬಾಯಿ ಮುಚ್ಚಿಕೊಂಡೆ. ಮೇಷ್ಟ್ರ ಮಾತು ಸರಿಯೇ. ಕುಮಾರವ್ಯಾಸ ನಿಲ್ಲಿಸಿದ್ದು ಗದಾಪರ್ವದಲ್ಲಿ. ದುರ್ಯೋಧನ ಬಿದ್ದಾಯಿತು, ಯುದ್ಧ ಮುಗಿಯಿತು, ಆಮೇಲಿನದ್ದು ಅವನಿಗೆ ಬೇಕಾಗಿರಲಿಲ್ಲವೋ ಏನೋ. ಅದು ಅರ್ಧ ಬಿಟ್ಟ ಹಾಗೆ ಕಾಣುವುದೇ ಇಲ್ಲ. ನನ್ನ ಶ್ಯಾನುಭೋಗ ಇನ್ನೂ ಮೈಗೆ ಎಣ್ಣೆ ಹಚ್ಚಿಕೊಂಡು ಕುಳಿತಿದ್ದಾನೆ. ಎರಡಕ್ಕೂ ಹೋಲಿಕೆಯೇ?

ಮೇಷ್ಟ್ರು ರಾಜಿಗೂ ಬಂದರು. ಮರುದಿನ ಬೆಳಿಗ್ಗೆ ಫೋನು. "ಒಂದು ಉಪಾಯ ಉಂಟು. ಸುರಂಗದ ಬಾಯಿ ಈಚೆ ಕಡೆ ಇರಲಿ, ಕೊರೀತಾ ಕೊರೀತಾ ಅದು ಗಡಿಯ ಅಡಿಯಿಂದ ಕರ್ನಾಟಕಕ್ಕೆ ಹೋಗಲಿ. ನೀರು ಆಚೆಯದ್ದು, ಕುಡಿಯುವವರು ಈಚೆಯವರು. ನಿಮ್ಮ 1956 ಕೂಡ ಬಂತು, ಎರಡೂ ಒಟ್ಟಿಗೆ ಮುಗೀತದೆ!" ಫೋನಿನಲ್ಲೇ ನನಗೆ ರೋಮಾಂಚನವಾಯಿತು. ಎಷ್ಟು ಒಳ್ಳೆಯ ಉಪಾಯ! ಯಾವ ವಿಶೇಷಾಂಕಕ್ಕೆ ಕೊಟ್ಟರೂ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ. ಭೂಗೋಳಕ್ಕೂ ಹೊಂದುತ್ತದೆ, ನಮ್ಮ ಗಡಿಯೇ ಗುಡ್ಡಗಳ ಬೆನ್ನ ಮೇಲೆ ಹೋಗುತ್ತದೆ. ಸಂಜೆಯವರೆಗೆ ಅದೇ ಗುಂಗಿನಲ್ಲಿದ್ದು ಆಮೇಲೆ ಬೇಡವೆಂದೆ. ಗಡಿ ಬಂದ ಕೂಡಲೇ ಆ ಹೆಂಗಸಿನ ಕೂ ರೂಪಕವಾಗಿಬಿಡುತ್ತದೆ. ಎರಡು ರಾಜ್ಯಗಳು ಕತ್ತಲಲ್ಲಿ ಒಂದನ್ನೊಂದು ಕರೆಯುತ್ತಿವೆ ಎಂದು ಯಾರಾದರೂ ವಿಮರ್ಶೆ ಬರೆಯುತ್ತಾರೆ. ಅವಳು ಕರೆಯುತ್ತಿರುವುದು ತನ್ನ ಗಂಡನನ್ನು. ನನಗೆ ಅಷ್ಟು ಸಾಕು.

ಬದಿಗಿಡುವುದು ಎಂದರೆ ಕಪಾಟಿಗೆ ಹಾಕಿ ಬಾಗಿಲು ಮುಚ್ಚುವುದಲ್ಲ, ಅದಕ್ಕೂ ಕೆಲಸವಿದೆ. ಕಾದಂಬರಿಯ ಹಳೆಯ ಅಧ್ಯಾಯಗಳನ್ನು ನಾನು ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದೆ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರದಲ್ಲಿ. ಹೊಸ ಲ್ಯಾಪ್‌ಟಾಪಿನಲ್ಲಿ ಕಡತ ತೆರೆದರೆ ಶ್ಯಾನುಭೋಗನ ಜಾಗದಲ್ಲಿ ಯಾವುದೋ ಗ್ರೀಕೋ ಲ್ಯಾಟಿನ್ನೋ ಚಿಹ್ನೆಗಳ ಮೆರವಣಿಗೆ. ಪರಿವರ್ತಕಕ್ಕೆ ಹಾಕಿ ಕನ್ನಡಕ್ಕೆ ತಂದರೂ ಅರ್ಕಾವೊತ್ತುಗಳು ಅಲ್ಲಲ್ಲಿ ಸ್ಥಾನಪಲ್ಲಟವಾಗಿದ್ದವು. "ವರ್ಗ" ಇದ್ದಲ್ಲೆಲ್ಲ ಕೈಯಲ್ಲಿ ತಿದ್ದಬೇಕಾಯಿತು. ಜಮೀನಿನ ಕಾದಂಬರಿಯಲ್ಲಿ ವರ್ಗ ಎಷ್ಟು ಸಲ ಬರುತ್ತದೆಂದು ಕೇಳಬೇಡಿ. ಬಿಡಲು ಹೊರಟ ಬರಹವನ್ನು ಅಕ್ಷರ ಅಕ್ಷರವಾಗಿ ತಿದ್ದುತ್ತಾ ಕುಳಿತದ್ದು ನನ್ನ ಮಗಳಿಗೆ ಅರ್ಥವಾಗಲಿಲ್ಲ. "ಅಮ್ಮಾ, ಬಿಡ್ತೀಯಾ ಬರೀತೀಯಾ, ಒಂದು ಹೇಳು" ಎಂದಳು.

ತಿದ್ದಿ ಮುಗಿಸಿ, ಪ್ರತಿಯೊಂದು ಬರಹದ ಕೊನೆಗೆ ಒಂದು ಪುಟ ಸೇರಿಸಿದೆ. ಮುಂದೆ ಯಾವತ್ತಾದರೂ ತೆರೆಯುವ ನನಗೆ ನಾನೇ ಬರೆದ ಕಾಗದ. ಕಾದಂಬರಿಗೆ ಬರೆದದ್ದು ಉದ್ದವಾಯಿತು: ಶ್ಯಾನುಭೋಗನಿಗೆ ಇಲ್ಲಿಯವರೆಗೆ ಏನು ಗೊತ್ತು, ಏನು ಗೊತ್ತಿಲ್ಲ, ಮಗ ಮಲಯಾಳ ಕಲಿಯಲು ಶುರುಮಾಡಿದ್ದನ್ನು ತಂದೆಗೆ ಇನ್ನೂ ಹೇಳಿಲ್ಲ, 1970ರ ಜನವರಿಯಲ್ಲಿ ಗೇಣಿ ಪದ್ಧತಿ ಹೋದಾಗ ಈ ಮನೆಯ ಯಾವ ಗದ್ದೆ ಯಾರ ಕೈಗೆ ಹೋಗುತ್ತದೆ, ಜೆರಾಕ್ಸ್ ಕಟ್ಟು ಅಟ್ಟದ ಯಾವ ಪೆಟ್ಟಿಗೆಯಲ್ಲಿದೆ, ಗೆದ್ದಲು ನೋಡಬೇಕು. ತಾಯಿಯ ಕತೆಗೆ ಬರೆದದ್ದು ಒಂದೇ ಸಾಲು: "ಗಂಜಿಯಿಂದ ಮುಂದೆ, ಚೆಂದ ಮಾಡದೆ." ತಾಳಮದ್ದಳೆಯ ಲೇಖನಗಳಿಗೆ ಏನೂ ಬರೆಯಲಿಲ್ಲ. ಮೇಷ್ಟ್ರಿಗೆ ಕೊಟ್ಟುಬಿಟ್ಟೆ, ಅವರಿಗೆ ಅರ್ಥಗಾರಿಕೆಯ ಹುಚ್ಚು, ಬೇಕಾದ ಹಾಗೆ ಬಳಸಲಿ.

ಈ ಕಾಗದ ಬರೆಯುವಾಗ ಒಂದು ತಿಳಿಯಿತು. ಮುಗಿಯದ್ದು ಎಂದು ನಾನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದ ಮೂರೂ ಬೇರೆ ಬೇರೆ ಕಾರಣಕ್ಕೆ ನಿಂತಿದ್ದವು. ಒಂದಕ್ಕೆ ಸರಕು ಹೆಚ್ಚಾಗಿ ನಿಂತಿತು, ಒಂದಕ್ಕೆ ನನ್ನ ಕೈ ಸಾಲದೆ ನಿಂತಿತು, ಒಂದು ನಿಲ್ಲಬೇಕಾದದ್ದೇ. ಹೀಗೆ ಬಿಡಿಸಿ ನೋಡುವವರೆಗೆ ಮೂರೂ ಸೇರಿ ಮನೆಗೆ ಬಂದ ಸಾಲಗಾರರ ಹಾಗೆ ಜಗಲಿಯಲ್ಲಿ ಕುಳಿತಿದ್ದವು. ಹೊಸದೊಂದು ಬರೆಯಲು ಕುಳಿತರೆ ಕೆಮ್ಮುತ್ತಿದ್ದವು. ಈಗ ಒಬ್ಬನಿಗೆ ವಾಯಿದೆ ಹೇಳಿದ್ದೇನೆ, ಒಬ್ಬಳ ಮುಂದೆ ಕೈ ಮುಗಿದಿದ್ದೇನೆ, ಒಬ್ಬ ಎದ್ದು ಹೋಗಿದ್ದಾನೆ.

ಹೊಸ ಕತೆ ನಿಧಾನಕ್ಕೆ ಹೋಗುತ್ತಿದೆ. ಕತ್ತಲೆಯನ್ನು ಬರೆಯುವುದು ನಾನು ಅಂದುಕೊಂಡಷ್ಟು ಸುಲಭವಲ್ಲ. ನಮ್ಮ ಮನೆಯ ಹಿಂದಿನ ಹಳೆಯ ಸುರಂಗಕ್ಕೆ ಟಾರ್ಚು ಹಿಡಿದು ಹೋಗಿ, ಆರಿಸಿ ನಿಂತು ನೋಡಿದೆ. ಮೊದಲು ಕೇಳುವುದು ನೀರಿನ ಸದ್ದಲ್ಲ, ನಮ್ಮದೇ ಉಸಿರು. ಗೋಡೆಯಲ್ಲಿ ಪಿಕ್ಕಾಸಿನ ಗೀರುಗಳು ಕೈಗೆ ಸಿಗುತ್ತವೆ, ಎಲ್ಲವೂ ಒಂದೇ ಕಡೆಗೆ ವಾಲಿವೆ. ಕೊರೆದವರು ಎಡಚರಿರಬೇಕು. ಎಷ್ಟೋ ವರ್ಷ ಆ ನೀರು ಕುಡಿದ ಮನೆಯಲ್ಲಿ ಆ ಮನುಷ್ಯನ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಅವನನ್ನು ಹೊರಗಿನಿಂದ ಕರೆದವರು ಯಾರೆಂಬುದು ಅದಕ್ಕಿಂತಲೂ ದೂರದ ಮಾತು. ಹೊರಗೆ ಬಂದಾಗ ಸೀರೆಯ ಸೆರಗೆಲ್ಲ ಕೆಂಪು. ಈ ಗೀರುಗಳು ಕತೆಗೆ ಬಂದವು. ಕತೆಯ ಗಂಡ ಈಗ ಎಡಚ.

ಜಗಳದ ಕಾರಣ ಮಾತ್ರ ಇನ್ನೂ ಬಂದಿಲ್ಲ. ಅಜ್ಜನ ಪ್ರಕಾರ ಅದು ಒಂದು ಹುಂಜದ ವಿಷಯ: ಸಾಕಿದ ಹುಂಜವನ್ನು ಅವರು ಕೋಳಿ ಕಾಳಗದ ಅಂಕಕ್ಕೆ ಒಯ್ದು ಸೋತು ಬಂದರು, ಅವಳಿಗೆ ಸಿಟ್ಟು ಬಂತು. ಕತೆಗೆ ಇದು ಆಗದು. ಕೋಳಿ ಅಂಕ ಬಂದರೆ ಓದುವವರ ಕಣ್ಣೆಲ್ಲ ಹುಂಜದ ಮೇಲೆ ಹೋಗುತ್ತದೆ, ಸುರಂಗದ ಒಳಗೆ ಯಾರೂ ಬರುವುದಿಲ್ಲ. ನಾನೇ ಒಂದು ಕಾರಣ ಕಟ್ಟಿದೆ. ಅವಳ ತವರಿನಿಂದ ಬಂದ ಒಂದು ಬಳೆ, ಅದನ್ನು ಅವನು ಕೇಳದೆ ಅಡವಿಟ್ಟದ್ದು ಎಂದು. ಬರೆದು ನೋಡಿದರೆ ಧಾರಾವಾಹಿಯ ಹಾಗೆ ಕಂಡಿತು, ಹೊಡೆದು ಹಾಕಿದೆ.

ಮೊನ್ನೆ ಭಾನುವಾರ ಮತ್ತೆ ಹೋದೆ. ಅಜ್ಜ ಹುಂಜದ ಕತೆಯನ್ನು ಇನ್ನೊಮ್ಮೆ, ಈ ಸಲ ಸ್ವಲ್ಪ ದೊಡ್ಡ ಹುಂಜ ಮಾಡಿ ಹೇಳಿದರು. ಅಜ್ಜಿ ಬಾಗಿಲ ಸಂದಿನಲ್ಲಿ ನಿಂತು ಕೇಳಿಸಿಕೊಂಡರು. ಯಾವತ್ತಿನ ಹಾಗೆ ಒಂದು ಮಾತೂ ಆಡಲಿಲ್ಲ. ನಾನು ಹೊರಟು ಅಂಗಳ ದಾಟಿ ತೋಟಕ್ಕೆ ಇಳಿಯುವಲ್ಲಿ ಹಿಂದಿನಿಂದ ಬಂದು, ಬೆಲ್ಲ ಹಾಕಿದ ಹಲಸಿನ ಹಪ್ಪಳದ ಕಟ್ಟನ್ನು ಚೀಲಕ್ಕೆ ತುರುಕಿದರು. ಜಗಲಿಯ ಕಡೆ ಒಮ್ಮೆ ನೋಡಿ ಸ್ವರ ಇಳಿಸಿದರು.

"ಹುಂಜವೂ ಅಲ್ಲ, ಎಂತದೂ ಅಲ್ಲ. ಸೋಮವಾರ ಇವರು ರೇಷನಿಗೆ ಹೋಗ್ತಾರೆ. ಆವಾಗ ಬನ್ನಿ ಟೀಚರ್, ಹೇಳ್ತೇನೆ."